ಗೆರೆ ದಾಟಿದ ಕಾಲು

"ಬರೋ ಚೆಂಡು ನೋಡೋದು ಬಿಟ್ಟು ಬ್ಯಾಟರ್ ಕಾಲು ನೋಡ್ತೀಯಲ್ಲೋ" ಅಂತ ಜೊತೆಯ ಬೇಸ್‌ಬಾಲ್ ಅಂಪೈರುಗಳು ನಕ್ಕಿದ್ದರು. ಈಗ ಪಂದ್ಯಕ್ಕೆ ಮುಂಚೆ ಅವರೇ ಗೆರೆಗೆ ಹಾಕೋ ನನ್ನ ಪುಡಿ ಡಬ್ಬ ಕೇಳ್ತಾರೆ.

ಮೊದಲು ನಾನೂ ಎಡವಿದವನೇ. ಯಲಹಂಕ ಕಡೆಯ ಒಂದು ಮೈದಾನ. ಫಸ್ಟ್ ಬೇಸಿನ ರನ್ನರ್ ಸೆಕೆಂಡ್ ಬೇಸಿಗೆ ಸ್ಟೀಲ್ ಹೊರಟ, ಅಂದರೆ ಹೊಡೆತಕ್ಕೆ ಕಾಯದೆ ಓಡಿದ. ಬ್ಯಾಟರ್ ಬೀಸಿ, ಚೆಂಡು ಸಿಗದೆ, ತೂರಾಡ್ಕೊಂಡು, ಹಿಂದೆ ಚೆಂಡು ಹಿಡಿದು ಸೆಕೆಂಡ್ ಬೇಸಿಗೆ ಎಸೆಯಬೇಕಾದ ಕ್ಯಾಚರಿಗೆ ಅಡ್ಡ ಬಂದ. ನಾನು ತಕ್ಷಣ ಆಟ ನಿಲ್ಲಿಸೋ 'ಟೈಮ್' ಕೂಗಿಬಿಟ್ಟೆ. ನೋಡಿದರೆ ಎಸೆತ ಸರಿಯಾಗೇ ಹೋಗಿ ಚೆಂಡು ಹಿಡಿದ ಕೈ ರನ್ನರಿಗೆ ತಾಗಿ ಟ್ಯಾಗ್ ಬಿದ್ದಿತ್ತು. ಆ ಎಸೆತಕ್ಕೇ ರನ್ನರ್ ಔಟಾದರೆ ಅಡ್ಡಿ ಲೆಕ್ಕಕ್ಕಿಲ್ಲ. ನನ್ನ ಅವಸರಕ್ಕೆ ಆ ಟ್ಯಾಗ್ ವ್ಯರ್ಥ, ಬ್ಯಾಟರ್ ಔಟ್, ರನ್ನರ್ ವಾಪಸ್ ಫಸ್ಟ್ ಬೇಸಿಗೆ. ಮುಂದಿನವನ ಡಬಲ್‌ಗೆ, ಅಂದರೆ ಎರಡು ಬೇಸಿನ ಹೊಡೆತಕ್ಕೆ, ಅದೇ ರನ್ನರ್ ಹೋಮ್ ಮುಟ್ಟಿ ರನ್ ಗಳಿಸಿದ. ಸಂಜೆ ನನ್ನ ಆರುನೂರು ರೂಪಾಯಿ ಕೊಡಲೇ ಇಲ್ಲ. ಆಟೋಗೇ ಮುನ್ನೂರು ಆಗಿತ್ತು.

ಈಗ ಬೆರಳು ತೋರಿಸಿ 'ಇಂಟರ್‌ಫಿಯರೆನ್ಸ್', ಅಂದರೆ ಅಡ್ಡಿ, ಅಂತೀನಿ, ಅಷ್ಟೇ, ಆಟ ನಿಲ್ಲಿಸಲ್ಲ. ಹೋಮಿನಿಂದ ಸೆಕೆಂಡ್ ಬೇಸಿಗೆ ಚೆಂಡಿಗೆ 127 ಅಡಿ ದಾರಿ ಇದೆ, ನಮ್ಮ ಹುಡುಗರ ಕೈಲಿ ಎರಡೂವರೆ ಸೆಕೆಂಡು. ಅಷ್ಟು ಹೊತ್ತು ತಡೆದುಕೊಳ್ಳೋಕೆ ಒಂದು ಸೀಸನ್ನೇ ಬೇಕಾಯ್ತು.

ಇಲ್ಲಿನವರೆಲ್ಲ ಕ್ರಿಕೆಟ್ ಆಡಿ ಬಂದವರು. ಡ್ರೈವ್ ಮಾಡಿದ ಹಾಗೆ ಮೈಭಾರ ಮುಂದಕ್ಕೆ ಬಿಟ್ಟು ಹೋಮ್ ಬೇಸಿನ ಪ್ಲೇಟ್ ಮೇಲೇ ಬೀಳ್ತಾರೆ. ಬೇಕಂತ ಮಾಡಿದ್ನಾ ಅನ್ನೋದು ಮುಖ್ಯ ಅಲ್ಲ. ಬ್ಯಾಟರ್ ನಿಲ್ಲೋ ಬಾಕ್ಸ್ ಒಳಗೇ ಇದ್ದೂ ವಾಲಿ ಅಡ್ಡ ಬಂದರೂ ಔಟೇ. ಆದರೆ ಬೀಸಿದ ಬ್ಯಾಟು ಹಿಂದಕ್ಕೆ ಸುತ್ತಿ ಬಂದು ಕ್ಯಾಚರಿಗೆ ತಗುಲಿದರೆ ಬರೀ ಸ್ಟ್ರೈಕ್ (ಮೂರಾದರೆ ಔಟ್), ರನ್ನರ್ ವಾಪಸ್. ಇದಕ್ಕೆ ಎರಡು ಸಲ ಬ್ಯಾಟರನ್ನೇ ಔಟ್ ಕೊಟ್ಟು ಬೈಸಿಕೊಂಡಿದ್ದೇನೆ.

ಕಾಲು ದಾಟಿದ್ದು ಕಾಣಲಿ ಅಂತ ಬಾಕ್ಸಿನ ಗೆರೆಗೆ ಸುಣ್ಣ ಹಾಕಿದೆ, ಎರಡನೇ ಇನ್ನಿಂಗ್ಸಿಗೇ ಮಾಯ. ಮೈದಾ ಹಾಕಿದೆ, ಬೀದಿನಾಯಿ ಬಂದು ನೆಕ್ಕಿತು. ಸ್ಲೋ ಮೋಷನ್ನಿಗೆ ಮೊಬೈಲ್ ನಿಲ್ಲಿಸಿದೆ, ಫೌಲ್ ಬಾಲ್ ಬಿದ್ದು ಸ್ಕ್ರೀನಿಗೆ ನಾಲ್ಕು ಸಾವಿರ. ಕೊನೆಗೆ ಗಾಂಧಿ ಬಜಾರಿನ ರಂಗೋಲಿ ಪುಡಿ, ನಾಲ್ಕು ಪ್ಯಾಕೆಟ್, ನಲವತ್ತು ರೂಪಾಯಿ. ಅದಕ್ಕೆ ಇನ್ನೊಂದು ಬೆರೆಸ್ತೀನಿ, ಏನಂತ ಹೇಳಲ್ಲ.

ಹೋದ ಡಿಸೆಂಬರಿನಲ್ಲಿ ರನ್ನರ್ ಸ್ಟೀಲ್ ಹೊರಟಿದ್ದ. ಮೂರನೇ ಸ್ಟ್ರೈಕಿಗೆ ಬೀಸಿದವನು ಮುಗ್ಗರಿಸಿ ಕ್ಯಾಚರ್ ಮುಂದೆ ಬಂದ, ಎಸೆತ ಎತ್ತಲೋ ಹೋಯ್ತು. ಬ್ಯಾಟರ್ ಹೇಗೂ ಔಟ್. ಆ ಅಡ್ಡಿಗೆ ರನ್ನರನ್ನೂ ಔಟ್ ಕೊಟ್ಟೆ. "ಗೆರೆ ದಾಟೇ ಇಲ್ಲ ಸಾರ್" ಅಂತ ಕೋಚ್ ಓಡಿ ಬಂದ. ಕೆಂಪು ಮಣ್ಣಿನ ಮೇಲೆ, ಬಾಕ್ಸಿನಿಂದ ಪ್ಲೇಟಿನ ಕಡೆಗೆ ಒಂದು ಗೇಣು ಬಿಳಿ ಎಳೆದುಕೊಂಡು ಹೋಗಿತ್ತು. ಕೋಚ್ ಅದನ್ನು ನೋಡಿದ, ಹುಡುಗನ ಶೂ ನೋಡಿದ, ಆಮೇಲೆ ಅವನನ್ನು ಬೈಯೋಕೆ ಶುರುಮಾಡಿದ.