ಆರ್‌ವಿ ಹತ್ತೋ ಮುಂಚೆ ನಾನು ಏನೇನ್ ನೋಡ್ಕೊಳ್ತೀನಿ

ಆರ್‌ವಿ ಟ್ರಿಪ್, ಅಂದ್ರೆ ಮಲಗೋಕೆ, ಅಡುಗೆಗೆ ಎಲ್ಲ ಜಾಗ ಇರೋ ಮನೆ ಥರದ ಗಾಡಿಲಿ ಟ್ರಿಪ್, ಅಂದ ತಕ್ಷಣ ಜನ ಕೇಳೋದು ಒಳಗೆ ಎಷ್ಟು ಜನ ಮಲಗಬಹುದು, ಏಸಿ ಇದ್ಯಾ, ಟಿವಿ ಇದ್ಯಾ ಅಂತ. ಗಾಡಿ ತೂಕ ಎಷ್ಟು ಬಂತು ಅಂತ ಯಾರೂ ಕೇಳಲ್ಲ. ನನ್ನ ತಯಾರಿ ಶುರುವಾಗೋದೇ ಅಲ್ಲಿಂದ, ಯಾಕಂದ್ರೆ ಮನೆ ಥರ ಇದೆ ಅಂತ ಮನೆ ಸಾಮಾನೆಲ್ಲ ತುಂಬಿಬಿಡ್ತೀವಿ, ಆದ್ರೆ ಬ್ರೇಕಿಗೆ, ಟೈರಿಗೆ ಅದು ಲಾರಿನೇ.

ಒಟ್ಟು ಎಷ್ಟು ತೂಕ ಹೊರಬಹುದು, ಒಂದೊಂದು ಆಕ್ಸಲ್ (ಎರಡು ಕಡೆ ಚಕ್ರ ಸೇರಿಸೋ ಅಚ್ಚು) ಮೇಲೆ ಎಷ್ಟು ಅಂತ ಗಾಡಿಲೇ ಕಂಪನಿಯವರು ಪ್ಲೇಟ್ ಹಾಕಿರ್ತಾರೆ. ನಾನು ನೀರು, ಡೀಸೆಲ್, ಗ್ಯಾಸು, ಸಾಮಾನು, ಜನ ಎಲ್ಲ ಸೇರಿಸಿ ಒಂದ್ಸಲ ಲಾರಿ ತೂಕ ಹಾಕೋ ವೇಬ್ರಿಡ್ಜ್ ಮೇಲೆ ಹತ್ತಿಸ್ತೀನಿ, ಮುಂದಿನ ಆಕ್ಸಲ್ ಬೇರೆ ಹಿಂದಿನದು ಬೇರೆ. ಲಿಮಿಟ್ ದಾಟಿದ್ರೆ ಮೊದಲು ಕಮ್ಮಿ ಮಾಡೋದು ನೀರು. ಒಂದು ಲೀಟರ್ ಅಂದ್ರೆ ಒಂದು ಕೆಜಿ, 150 ಲೀಟರ್ ಟ್ಯಾಂಕ್ ಫುಲ್ ಮಾಡಿದ್ರೆ ಇಬ್ಬರು ದೊಡ್ಡೋರನ್ನ ಎಕ್ಸ್‌ಟ್ರಾ ಹತ್ತಿಸ್ಕೊಂಡ ಲೆಕ್ಕ. ಹೋಗೋ ಕಡೆ ನೀರಿನ ಕನೆಕ್ಷನ್ ಇದ್ರೆ ದಾರಿಗೆ ಸಾಕಾಗೋಷ್ಟು ಹಾಕ್ಕೊಂಡ್ರೆ ಆಯ್ತು. ಮನೆ ಥರದ ಟ್ರೈಲರನ್ನ ಗಾಡಿ ಹಿಂದೆ ಕಟ್ಟಿ ಎಳೆಯೋರು ಇನ್ನೂ ಹುಷಾರಾಗಿರ್ಬೇಕು, ಭಾರ ಎಲ್ಲ ಹಿಂದಕ್ಕೆ ಹಾಕಿದ್ರೆ ಸ್ಪೀಡಲ್ಲಿ ಟ್ರೈಲರ್ ಬಾಲ ಅಲ್ಲಾಡ್ಸೋಕೆ ಶುರು ಮಾಡುತ್ತೆ, ಆಗ ಜೋರಾಗಿ ಬ್ರೇಕ್ ಒತ್ತೋದು, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗ್ಸೋದು ಎರಡೂ ಡೇಂಜರ್. ಆಕ್ಸಿಲರೇಟರಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿದು ಸ್ಪೀಡು ತಾನಾಗೇ ಇಳಿಯೋಕೆ ಬಿಡ್ಬೇಕು.

ಆಮೇಲೆ ಟೈರು. ಇದಕ್ಕೆ ನಾನು ಮಂಡಿಯೂರಿ ಟಾರ್ಚ್ ಹಿಡಿದೇ ನೋಡೋದು. ಆರ್‌ವಿ ವರ್ಷದಲ್ಲಿ ಓಡೋದಕ್ಕಿಂತ ನಿಂತಿರೋದೇ ಜಾಸ್ತಿ, ಹಾಗಾಗಿ ಟೈರು ಸವೆಯೋ ಮುಂಚೆ ಮುದಿಯಾಗುತ್ತೆ. ರಸ್ತೆಗೆ ತಾಗೋ ಬಟನ್ ಹೊಸದರ ಥರ ಇರುತ್ತೆ, ಪಕ್ಕದ ಗೋಡೆಲಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ. ಟೈರಿನ ಪಕ್ಕ DOT ಅಂತ ಶುರುವಾಗೋ ಕೋಡ್ ಕೊನೇಲಿ ನಾಲ್ಕು ಅಂಕಿ ಇರುತ್ತಲ್ಲ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಆರೇಳು ವರ್ಷ ದಾಟಿದ್ದು ಎಷ್ಟೇ ಚೆನ್ನಾಗಿ ಕಂಡ್ರೂ ನಾನು ಲಾಂಗ್ ಟ್ರಿಪ್ಪಿಗೆ ನಂಬಲ್ಲ. ಗಾಳಿ ನೋಡೋದು ಬೆಳಿಗ್ಗೆ, ಗಾಡಿ ಓಡಿಸೋ ಮುಂಚೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಮೇಲೆ ಪ್ರೆಷರ್ ಏರಿರುತ್ತೆ, ಅದನ್ನ ನೋಡಿ ಗಾಳಿ ಬಿಟ್ರೆ ಕೆಲಸ ಕೆಟ್ಟಂಗೇ. ಹಿಂದೆ ಜೋಡಿ ಚಕ್ರ ಇದ್ರೆ ಒಳಗಿನ ಟೈರು ಮರೀಬೇಡಿ, ಪಂಕ್ಚರ್ ಆಗಿದ್ರೂ ಹೊರಗಿನದು ಭಾರ ಹೊತ್ಕೊಂಡಿರೋದ್ರಿಂದ ನೋಡಿದ್ರೆ ಗೊತ್ತೇ ಆಗಲ್ಲ. ಸ್ಟೆಪ್ನಿಗೂ ಗಾಳಿ ನೋಡಿ ಮಾರಾಯ್ರೆ, ಅದನ್ನ ಎಲ್ಲರೂ ಬಿಟ್ಬಿಡ್ತಾರೆ.

ಗ್ಯಾಸ್ ವಿಷಯದಲ್ಲಿ ನನಗೆ ಮೂಗಿನ ಮೇಲೆ ನಂಬಿಕೆ ಇಲ್ಲ. ಸೋಪಿನ ನೀರು ಮಾಡ್ಕೊಂಡು ವಾಲ್ವು, ರೆಗ್ಯುಲೇಟರ್, ಪೈಪ್ ಜಾಯಿಂಟ್ ಎಲ್ಲದಕ್ಕೂ ಬ್ರಷ್ಷಲ್ಲಿ ಹಚ್ಚಿ ವಾಲ್ವ್ ತೆಗೀತೀನಿ, ಗುಳ್ಳೆ ಎದ್ರೆ ಲೀಕು, ಅಷ್ಟೇ. ಸಿಲಿಂಡರಲ್ಲಿರೋ ಪ್ರೊಪೇನ್ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ, ಅದಕ್ಕೇ ಅದರ ಡಿಟೆಕ್ಟರ್ ನೆಲದ ಹತ್ರ ಇರೋದು. ಸರಿಯಾಗಿ ಉರಿಯದ ಬೆಂಕಿಯಿಂದ ಬರೋ ವಿಷದ ಗ್ಯಾಸು ಕಾರ್ಬನ್ ಮೊನಾಕ್ಸೈಡ್, ಅದರ ಅಲಾರಂ ಬೇರೆ, ಅದು ಮಲಗೋ ಜಾಗದ ಹತ್ರ ಬೇಕು, ಆ ಗ್ಯಾಸಿಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ. ಎರಡಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತೆ, ಟೆಸ್ಟ್ ಬಟನ್ ಒತ್ತಿದಾಗ ಕೀ ಅಂದ್ರೆ ಸಾಲದು, ಡೇಟೂ ನೋಡ್ಬೇಕು. ಚಳಿ ಅಂತ ಸ್ಟೌ ಹಚ್ಚಿ ಒಳಗೆ ಬೆಚ್ಚಗೆ ಮಾಡ್ಕೊಳ್ಳೋದು ನಮ್ಮ ಗಾಡಿಲಿ ನಡೆಯಲ್ಲ. ಗಾಡಿ ಓಡುವಾಗ ಸಿಲಿಂಡರ್ ವಾಲ್ವ್ ಬಂದ್. ಗ್ಯಾಸಲ್ಲಿ ನಡೆಯೋ ಫ್ರಿಜ್ಜು ಅದರಿಂದ ಕೆಲವು ಗಂಟೆ ಆಫ್ ಇದ್ರೂ ಬಾಗಿಲು ತೆಗೀದೆ ಇದ್ರೆ ತಣ್ಣಗೇ ಇರುತ್ತೆ.

ಬ್ಯಾಟರಿಗೆ ವೋಲ್ಟ್ ನೋಡೋ ಒಂದು ಮೀಟರ್ ಇಟ್ಕೊಳ್ಳಿ. ಲೆಡ್ ಆಸಿಡ್ ಆದ್ರೆ ಚಾರ್ಜರ್ ತೆಗೆದು, ಲೋಡ್ ಇಲ್ಲದೆ ಕೆಲವು ಗಂಟೆ ಬಿಟ್ಟು ನೋಡಿದಾಗ 12.6 ವೋಲ್ಟ್ ಮೇಲಿದ್ರೆ ಫುಲ್, 12.1 ಹತ್ರ ಬಂದ್ರೆ ಅರ್ಧ ಖಾಲಿ, ಅದಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದ್ರೆ ಬ್ಯಾಟರಿ ಬೇಗ ಹಾಳಾಗುತ್ತೆ. ಲಿಥಿಯಂಗೆ ಈ ಲೆಕ್ಕ ನಡೆಯಲ್ಲ.

ಗಾಡಿ ಎತ್ತರ ಛಾವಣಿ ಏಸಿ ಸೇರಿಸಿ ಅಳೆದು ಡ್ಯಾಶ್‌ಬೋರ್ಡಲ್ಲಿ ಬರೆದು ಅಂಟಿಸಿದೀನಿ, ಕಾರಿನ ಮ್ಯಾಪಿಗೆ ಯಾವ ಸೇತುವೆ ಕೆಳಗೆ ನಾವು ಹಿಡೀತೀವಿ ಅಂತ ಗೊತ್ತಿರಲ್ಲ. ಹೊರಡುವಾಗ ಆನಿಂಗ್ (ಹೊರಗೆ ನೆರಳಿಗೆ ಬಿಚ್ಚೋ ಚಪ್ಪರ) ಮಡಚಿದ್ಯಾ, ಮೆಟ್ಟಿಲು ಒಳಗೆ ಹೋಯ್ತಾ, ಕರೆಂಟ್ ಕೇಬಲ್ ಬಿಚ್ಚಿದ್ಯಾ, ಕಿಟಕಿ ಅಲಮಾರು ಲಾಕ್ ಆಗಿದ್ಯಾ ಅಂತ ಗಾಡಿ ಸುತ್ತ ಒಂದು ರೌಂಡ್, ಆಗ ಯಾರ ಜೊತೆನೂ ಮಾತಾಡಲ್ಲ ನಾನು.

ಮಜಾ ಬೇಕು ಅಂದ್ರೆ ಕತ್ತಲಾಗೋ ಮುಂಚೆ ತಲುಪೋ ಹಾಗೆ ಪ್ಲಾನ್ ಮಾಡಿ. ಬೆಳಕಲ್ಲಿ ಮರದ ಕೊಂಬೆ, ಗುಂಡಿ, ಇಳಿಜಾರು ಎಲ್ಲ ಕಾಣುತ್ತೆ, ಲೆವೆಲ್ ಮಾಡಿ ಚಕ್ರಕ್ಕೆ ಅಡ್ಡ ಕೊಡೋದು ಸಲೀಸು. ಗ್ಯಾಸ್ ಫ್ರಿಜ್ಜಿರೋರಿಗೆ ಲೆವೆಲ್ ಬರೀ ನಿದ್ದೆಗಲ್ಲ, ಓರೆಯಾಗಿ ನಿಲ್ಸಿದ್ರೆ ಅದು ಸರಿಯಾಗಿ ತಂಪಾಗಲ್ಲ, ಹಾಳಾಗಲೂಬಹುದು.

ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋ ವಾಲ್ವನ್ನ ಸದಾ ತೆರೆದೇ ಇಡಬೇಡಿ, ನೀರು ಹರಿದು ಹೋಗಿ ಗಟ್ಟಿದು ಒಳಗೇ ಕೂತ್ಬಿಡುತ್ತೆ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಂದೇ ಸಲ ಬಿಡಿ, ಅದಾದ ಮೇಲೆ ಸಿಂಕು ಸ್ನಾನದ ನೀರಿನ ಟ್ಯಾಂಕ್ ಬಿಡಿ, ಪೈಪು ತಾನೇ ತೊಳ್ಕೊಳ್ಳುತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಕುಡಿಯೋ ನೀರಿನ ಪೈಪ್ ಮಾತ್ರ ಈ ಗಲೀಜು ಪೈಪ್ ಇಡೋ ಡಬ್ಬಿಲಿ ಇಡ್ಲೇಬೇಡಿ, ಬೇರೆ ಬಾಗಿಲು, ಬೇರೆ ಬ್ಯಾಗು.