ಚೊಲೊ ಹುಡುಗಿ, ಚೊಲೊ ಹಾಡ್ತಾಳ: ಗುಡ್ ಎಲ್ಲಿ, ವೆಲ್ ಎಲ್ಲಿ?

ನಮ್ಮ ಧಾರವಾಡದ ಕಡೆ 'ಚೊಲೊ ಹುಡುಗಿ' ಅಂತೀವಿ, 'ಚೊಲೊ ಹಾಡ್ತಾಳ' ಅಂತಲೂ ಅಂತೀವಿ. ಎರಡೂ ಕಡೆ ಅದೇ ಚೊಲೊ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ. ಹುಡುಗಿಗೆ ಗುಡ್, ಹಾಡುವುದಕ್ಕೆ ವೆಲ್. ಇಲ್ಲಿ ಗುಡ್ ಆಡ್ಜೆಕ್ಟಿವ್ (ಗುಣವಾಚಕ), ವೆಲ್ ಆಡ್‌ವರ್ಬ್ (ಕ್ರಿಯಾವಿಶೇಷಣ). ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಸಂಜೆ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಾರೆ. ಗದಗ, ಹಾವೇರಿ ಕಡೆಯ ಹಳ್ಳಿಯವರೇ ಜಾಸ್ತಿ. ಅವರು 'ಶಿ ಸಿಂಗ್ಸ್ ಗುಡ್' ಅಂತ ಬರೆದರೆ ನಾನು ದಡ್ಡರು ಅನ್ನುವುದಿಲ್ಲ. ಮನೆಯ ಮಾತಿನ ರೂಢಿ ಹಾಗಿದೆ, ಅಷ್ಟೇ.

ಇವೆರಡರಲ್ಲಿ ಯಾವುದು ಬೇಕು ಅಂತ ಅನುಮಾನ ಬಂದ ಶಬ್ದದ ಕೆಳಗೆ ಪೆನ್ಸಿಲಿನಿಂದ ಗೆರೆ ಹಾಕಿ. ಅದು ಯಾವ ಶಬ್ದದ ಬಗ್ಗೆ ಹೇಳುತ್ತಿದೆಯೋ ಅಲ್ಲಿಗೆ ಒಂದು ಬಾಣ ಎಳೆಯಿರಿ. ಬಾಣ ನಾಮಪದಕ್ಕೋ ಸರ್ವನಾಮಕ್ಕೋ ಹೋದರೆ ಆಡ್ಜೆಕ್ಟಿವ್. ಕ್ರಿಯಾಪದಕ್ಕೆ ಹೋದರೆ ಆಡ್‌ವರ್ಬ್. ಇನ್ನೊಂದು ಆಡ್ಜೆಕ್ಟಿವ್‌ಗೋ ಆಡ್‌ವರ್ಬ್‌ಗೋ ಹೋದರೂ ಆಡ್‌ವರ್ಬೇ. 'ವೆರಿ ಹಾಟ್ ಮಿರ್ಚಿ' ಅಂದಾಗ ವೆರಿಯ ಬಾಣ ಹಾಟ್‌ಗೆ ಹೋಗುತ್ತದೆ, ಹಾಟ್‌ನ ಬಾಣ ಮಿರ್ಚಿಗೆ.

ಸುಮ್ನೆ ಕೊನೆಯಲ್ಲಿ 'ಲಿ' ಇದೆಯಾ ಅಂತ ನೋಡಿ ತೀರ್ಮಾನಿಸಬೇಡಿ. ಸ್ಲೋ ಇದ್ದದ್ದು ಸ್ಲೋಲಿ ಆಗುತ್ತದೆ, ಈಸಿ ಇದ್ದದ್ದು ಈಸಿಲಿ ಆಗುತ್ತದೆ, ನಿಜ. ಆದರೆ ಫ್ರೆಂಡ್ಲಿ, ಲೋನ್ಲಿ ಆಡ್ಜೆಕ್ಟಿವ್‌ಗಳು. ಫಾಸ್ಟ್‌ಗಂತೂ ಲಿ ಹಚ್ಚುವುದೇ ಇಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ಓಡಾಡುವ ಚಿಗರಿ ಬಸ್ಸನ್ನೇ ತೊಗೊಳ್ಳಿ. 'ಚಿಗರಿ ಈಸ್ ಎ ಫಾಸ್ಟ್ ಬಸ್', 'ಚಿಗರಿ ರನ್ಸ್ ಫಾಸ್ಟ್'. ಶಬ್ದ ಒಂದೇ, ಬಾಣ ಬೇರೆ.

ಕನ್ನಡದವರು ನಿಜವಾಗಿ ಜಾರುವ ಜಾಗ ಇನ್ನೊಂದಿದೆ. 'ನಿಧಾನವಾಗಿ', 'ಸುಂದರವಾಗಿ' ಅಂತ 'ಆಗಿ' ಕಂಡಲ್ಲೆಲ್ಲ ಲಿ ಹಚ್ಚಿಬಿಡುತ್ತೇವೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ದನಿ ಕೇಳಿದ್ದೀರಲ್ವಾ? ಅವರು ಗಟ್ಟಿಯಾಗಿ ಹಾಡುತ್ತಿದ್ದರು. ಅವರ ದನಿ ಗಟ್ಟಿಯಾಗಿ ಕೇಳಿಸುತ್ತಿತ್ತು. ಕನ್ನಡದಲ್ಲಿ ಎರಡಕ್ಕೂ 'ಗಟ್ಟಿಯಾಗಿ'. ಇಂಗ್ಲಿಷಿನಲ್ಲಿ ಮೊದಲನೆಯದು 'ಶಿ ಸ್ಯಾಂಗ್ ಪವರ್‌ಫುಲಿ', ಎರಡನೆಯದು 'ಹರ್ ವಾಯ್ಸ್ ಸೌಂಡೆಡ್ ಪವರ್‌ಫುಲ್'. ಹಾಡುವುದು ಮಾಡುವ ಕೆಲಸ. ಕೇಳಿಸುವುದರಲ್ಲಿ ದನಿ ಏನೂ ಮಾಡುತ್ತಿಲ್ಲ, ಅದು ಹೇಗಿದೆ ಅಂತಷ್ಟೇ ಹೇಳುತ್ತಿದ್ದೇವೆ. ಬಾಣ ದನಿಗೇ ಹೋಗಬೇಕು.

ಸೌಂಡ್ ಜೊತೆಗೆ ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೀಮ್, ಬಿಕಮ್ ಇವುಗಳಿಗೂ ಇದೇ ಲೆಕ್ಕ. ಆ ಕ್ರಿಯಾಪದ ತೆಗೆದು ಅಲ್ಲಿ 'ಈಸ್' ಅಥವಾ 'ವಾಸ್' ಇಟ್ಟು ಓದಿ. 'ದ ಪೇಢಾ ಟೇಸ್ಟ್ಸ್ ಸ್ವೀಟ್' ಇದ್ದದ್ದು 'ದ ಪೇಢಾ ಈಸ್ ಸ್ವೀಟ್' ಆಯಿತು. ಅರ್ಥ ಕೂಡಿತು, ಹಾಗಾಗಿ ಸ್ವೀಟ್ಲಿ ಬೇಡ. ಈಗ ಪೇಢಾ ಮಾಡುವವನು ಬಾಣಲೆಯಿಂದ ಚೂರು ಖೋವಾ ತೆಗೆದು ಬಾಯಿಗೆ ಹಾಕಿಕೊಂಡು ಸಕ್ಕರೆ ಸರಿಯಾಗಿದೆಯಾ ನೋಡುತ್ತಾನೆ ಅನ್ನಿ: 'ಹಿ ಟೇಸ್ಟ್ಸ್ ದ ಖೋವಾ ಕೇರ್‌ಫುಲಿ'. ಇಲ್ಲಿ ಈಸ್ ಇಟ್ಟರೆ ಅವನೇ ಖೋವಾ ಆಗಿಬಿಡುತ್ತಾನೆ, ಅರ್ಥ ಕೆಡುತ್ತದೆ. ಅಲ್ಲಿ ಟೇಸ್ಟ್ ಅವನು ಮಾಡುವ ಕೆಲಸ, ಆದ್ದರಿಂದ ಆಡ್‌ವರ್ಬ್. ಈ ಒಂದು ಪರೀಕ್ಷೆ ಕೈವಶವಾದರೆ 'ಯು ಲುಕ್ ಬ್ಯೂಟಿಫುಲಿ' ಅನ್ನುವ ತಪ್ಪು ತಾನಾಗಿ ನಿಲ್ಲುತ್ತದೆ. ನಾನು ಕಲಿಸುವುದರಲ್ಲಿ ಹೆಚ್ಚು ಹೊತ್ತು ಕೊಡುವುದು ಇದಕ್ಕೇ.

ವೆಲ್ ಬಗ್ಗೆ ಒಂದು ಮಾತು. ಆರೋಗ್ಯ ಚೆನ್ನಾಗಿದೆ ಅನ್ನುವಾಗ 'ಐ ಆಮ್ ವೆಲ್' ಸರಿ. ಅಲ್ಲಿ ವೆಲ್ ಆಡ್ಜೆಕ್ಟಿವ್.

ಇನ್ನು ಲಿ ಹಚ್ಚಿದರೆ ಅರ್ಥವೇ ಬದಲಾಗುವ ಶಬ್ದಗಳು. 'ಹಿ ಕೇಮ್ ಲೇಟ್' ಅಂದರೆ ತಡವಾಗಿ ಬಂದ. ಲೇಟ್ಲಿ ಅಂದರೆ ಇತ್ತೀಚೆಗೆ. 'ಐ ವರ್ಕ್ ಹಾರ್ಡ್' ಅಂದರೆ ಕಷ್ಟಪಟ್ಟು ದುಡಿಯುತ್ತೇನೆ. 'ಐ ಹಾರ್ಡ್ಲಿ ವರ್ಕ್' ಅಂದರೆ ಕೆಲಸ ಮಾಡುವುದೇ ಅಪರೂಪ. ಇಂಟರ್‌ವ್ಯೂಗೆ ಹೋಗುವವರು ಇದೊಂದನ್ನು ಬಾಯಿಬಿಟ್ಟು ಹತ್ತಾರು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಿ.