ನನ್ನ ರಕ್ತಕ್ಕೂ ಶುಗರ್ ಬಂದಂತೆ ಕಂಡ ದಿನ

ಶುಗರ್ ಇರುವವರ ಬಿಳಿ ರಕ್ತಕಣಗಳು ಬೂದಿ ಮುಚ್ಚಿದ ಕೆಂಡದ ಹಾಗೆ. ಏನೂ ಕೆಲಸ ಇಲ್ಲದಾಗಲೂ ಒಳಗೊಳಗೇ ಉರಿಯುತ್ತಿರುತ್ತವೆ, ನಿಜವಾಗಿ ಬ್ಯಾಕ್ಟೀರಿಯಾ ಎದುರಾದಾಗ ಮಾತ್ರ ಕಸುವು ಸಾಲುವುದಿಲ್ಲ. ಓದಿ ಗೊತ್ತಿತ್ತು, ಲ್ಯಾಬಿನಲ್ಲಿ ಕಣ್ಣಾರೆ ನೋಡಬೇಕು ಅಂತ ಹೊರಟೆ. ಆರಿಸಿಕೊಂಡದ್ದು ನ್ಯೂಟ್ರೋಫಿಲ್. ಬಿಳಿ ಕಣಗಳಲ್ಲಿ ಸಾಮಾನ್ಯವಾಗಿ ಅವೇ ಜಾಸ್ತಿ, ಸೋಂಕಾದ ಜಾಗಕ್ಕೆ ಮೊದಲು ಓಡುವುದೂ ಅವೇ.

ವಿಧಾನ ಕೇಳುವುದಕ್ಕೆ ಸುಲಭ. ಕಣಗಳಿಗೆ ಡಿಎಚ್‌ಆರ್ 123 ಅನ್ನುವ ಬಣ್ಣ ಕೊಡಬೇಕು. ಒಳಗೆ ಉರಿ, ಅಂದರೆ ಬ್ಯಾಕ್ಟೀರಿಯಾ ಕೊಲ್ಲಲು ಕಣ ತಯಾರಿಸುವ ಚುರುಕು ಆಮ್ಲಜನಕದ ರೂಪಗಳು, ಇದ್ದಷ್ಟೂ ಅದು ರೋಡಮಿನ್ ಆಗಿ ಹಸಿರಾಗಿ ಹೊಳೆಯುತ್ತದೆ. ಫ್ಲೋ ಸೈಟೋಮೀಟರ್ ಒಂದೊಂದೇ ಕಣದ ಹೊಳಪನ್ನು ಅಳೆಯುತ್ತದೆ.

ಮೊದಲ ನಾಲ್ಕು ಸಲ ಫಲಿತಾಂಶ ಅಂದುಕೊಂಡಂತೆಯೇ ಬಂತು. ಶುಗರ್ ಇರುವವರ ಕಣಗಳು ಸುಮ್ನೆ ಇದ್ದಾಗಲೂ ಹೊಳೆಯುತ್ತಿದ್ದವು, ಇಲ್ಲದವರದು ಮಂಕು. ನಾನು ಖುಷಿಯಾಗಿದ್ದೆ. ಐದನೇ ಸಲ ಹೋಲಿಕೆಗೆ ರಕ್ತ ಕೊಡಬೇಕಿದ್ದವರು ಬರಲಿಲ್ಲ ಅಂತ, ಕ್ಲಿನಿಕ್‌ನಲ್ಲಿ ರೋಗಿಗಳ ಜೊತೆಗೇ ನನ್ನದನ್ನೂ ತೆಗೆಸಿ ಅದೇ ಡಬ್ಬಿಯಲ್ಲಿ ಇಟ್ಟುಕೊಂಡು ಬಂದೆ. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನನ್ನದು 5.3, ಅಂದರೆ ಶುಗರ್ ಇಲ್ಲ. ಆದರೂ ನನ್ನ ಕಣಗಳು ಅವರಷ್ಟೇ ಹೊಳೆದವು!

ತಪ್ಪು ಗೊತ್ತಾಗುವುದಕ್ಕೆ ಒಂದು ವಾರ ಹಿಡಿಯಿತು. ಹೋಲಿಕೆಯ ರಕ್ತವನ್ನು ಲ್ಯಾಬಿನಲ್ಲೇ ತೆಗೆದು ಆಗಲೇ ಕೆಲಸ ಶುರು ಮಾಡುತ್ತಿದ್ದೆವು, ರೋಗಿಗಳ ಟ್ಯೂಬು ಮಾತ್ರ ಮೂರು ಗಂಟೆ ಕಾದು ಬರುತ್ತಿತ್ತು. ಅಂದರೆ ನಾನು ಅಳೆದದ್ದರಲ್ಲಿ ಕಾಯಿಲೆ ಎಷ್ಟು, ಕಾಯುವಿಕೆ ಎಷ್ಟು ಅಂತ ಹೇಳುವ ಹಾಗೇ ಇರಲಿಲ್ಲ. ನ್ಯೂಟ್ರೋಫಿಲ್ ತುಂಬಾ ಸಿಡುಕು ಸ್ವಭಾವದ್ದು. ಪಿಪೆಟ್ಟಿನಲ್ಲಿ ಜೋರಾಗಿ ಎಳೆದರೂ ಕೆರಳುತ್ತದೆ, ವೋರ್ಟೆಕ್ಸ್ ಯಂತ್ರದಲ್ಲಿ ಟ್ಯೂಬನ್ನು ಗಡಗಡ ಅಲುಗಿಸಿದರಂತೂ ಮುಗಿಯಿತು.

ಇನ್ನೊಂದು ತಪ್ಪು ನಾಚಿಕೆ ತರಿಸುವಂಥದ್ದು. ಕಣಗಳನ್ನು ತೊಳೆದು ಇಡುತ್ತಿದ್ದದ್ದು ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಮಾಮೂಲಿ ಆರ್‌ಪಿಎಂಐ 1640 ದ್ರವದಲ್ಲಿ. ಅದರಲ್ಲಿ ಲೀಟರಿಗೆ 2 ಗ್ರಾಂ ಗ್ಲೂಕೋಸ್ ಇದೆ. ಲೆಕ್ಕ ಹಾಕಿ, 200 ಮಿಲಿಗ್ರಾಂ ಪ್ರತಿ ಡೆಸಿಲೀಟರ್! ನನ್ನ 'ಆರೋಗ್ಯವಂತ' ಕಣಗಳನ್ನೂ ನಾನೇ ಸಕ್ಕರೆ ನೀರಿಗೆ ಹಾಕುತ್ತಿದ್ದೆ.

ಆಮೇಲೆ ಎಲ್ಲ ಬದಲಾಯಿಸಿದೆ. ಎಲ್ಲರ ರಕ್ತವೂ ಒಂದೇ ಹೊತ್ತಿಗೆ, ಒಂದೇ ಕಡೆ. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ನನಗೋ ಕ್ಯಾಲ್ಸಿಯಂ ಸಂಕೇತವೇ ಬೇಕು, ಹಾಗಾಗಿ ಹೆಪಾರಿನ್ ಟ್ಯೂಬು. ರಕ್ತವನ್ನು ಗಿರಗಿರ ತಿರುಗಿಸಿ ಕಣ ಬೇರ್ಪಡಿಸುವ ಸೆಂಟ್ರಿಫ್ಯೂಜು ಮೆಲ್ಲಗೆ ನಿಲ್ಲಲಿ ಅಂತ ಅದರ ಬ್ರೇಕ್ ಬಂದ್. ಗ್ಲೂಕೋಸ್ 5.5 ಮಿಲಿಮೋಲಾರ್, ಅಂದರೆ ಡೆಸಿಲೀಟರಿಗೆ ಸುಮಾರು 100 ಮಿಲಿಗ್ರಾಂ. ಆರೋಗ್ಯವಂತರ ಕಣಗಳಿಗೆ 25 ಮಿಲಿಮೋಲಾರ್ ಕೊಟ್ಟು ನೋಡುವಾಗ ಪಕ್ಕದಲ್ಲೇ ಕಣ ಬಳಸದ ಮ್ಯಾನಿಟಾಲ್ ಅನ್ನು ಅಷ್ಟೇ ಸಾಂದ್ರತೆಗೆ ಸೇರಿಸಿದ ಟ್ಯೂಬನ್ನೂ ಇಟ್ಟೆ. ಇಲ್ಲದಿದ್ದರೆ ಪರಿಣಾಮ ಸಕ್ಕರೆಯದ್ದೋ ಬರೀ ದಪ್ಪ ದ್ರಾವಣದ್ದೋ ಗೊತ್ತಾಗುವುದಿಲ್ಲ ಅಲ್ವಾ.

ಆಗಲೂ ವ್ಯತ್ಯಾಸ ಉಳಿಯಿತು. ಮೊದಲಿನಷ್ಟು ದೊಡ್ಡದಲ್ಲ, ಆದರೆ ನಂಬಬಹುದಾದದ್ದು.

ನನಗೆ ಮಜಾ ಅನ್ನಿಸಿದ ಭಾಗ ಇದು. ಕಣವನ್ನು ಕೆರಳಿಸಲು ಎರಡು ರಾಸಾಯನಿಕ ಬಳಸುತ್ತೇವೆ. ಎಫ್‌ಎಂಎಲ್‌ಪಿ ಮುಂಬಾಗಿಲಿಂದ ಬರುತ್ತದೆ: ಹೊರಗಿನ ಗ್ರಾಹಕಕ್ಕೆ ಅಂಟಿ, ಕ್ಯಾಲ್ಸಿಯಂ ಏರಿಸಿ, ಸಂಕೇತವನ್ನು ಒಳಕ್ಕೆ ದಾಟಿಸುತ್ತದೆ. ಪಿಎಂಎ ಹಿಂಬಾಗಿಲಿಂದ ನುಗ್ಗಿ ನೇರವಾಗಿ ಪ್ರೊಟೀನ್ ಕೈನೇಸ್ ಸಿ ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಪಿ47 ಅನ್ನುವ ಪ್ರೊಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಪಿ47 ಪೊರೆಗೆ ಹೋಗಿ ಸೇರುತ್ತದೆ, ಎನ್‌ಎಡಿಪಿಎಚ್ ಆಕ್ಸಿಡೇಸ್ ಅನ್ನುವ ಇನ್ನೊಂದು ಕಿಣ್ವ ಸೂಪರಾಕ್ಸೈಡ್, ಅಂದರೆ ಆ ಉರಿಯನ್ನೇ, ಉಗುಳುತ್ತದೆ. ಪಿಎಂಎ ಇದನ್ನು ಮಾಡುವುದು ಜೀವಕೋಶದೊಳಗೆ ಸಂದೇಶ ಒಯ್ಯುವ ಕೊಬ್ಬು ಡಯಾಸಿಲ್‌ಗ್ಲಿಸರಾಲ್‌ನ ವೇಷ ಹಾಕಿ. ಸಕ್ಕರೆ ಜಾಸ್ತಿಯಾದಾಗ ಜೀವಕೋಶದೊಳಗೆ ಹೆಚ್ಚುವುದೂ ಅದೇ ಡಯಾಸಿಲ್‌ಗ್ಲಿಸರಾಲ್. ನಾನು ಟ್ಯೂಬಿನಲ್ಲಿ ನಿಮಿಷಗಳಲ್ಲಿ ಮಾಡುವುದನ್ನು ಕಾಯಿಲೆ ಮೆಲ್ಲಗೆ ಮಾಡುತ್ತಿರುತ್ತದೆ.

ಹಾಗಿದ್ದರೆ ಬೇಕಾದಾಗ ಕಸುವು ಏಕಿಲ್ಲ? ಒಂದು ಕಾರಣ ಎನ್‌ಎಡಿಪಿಎಚ್. ಎಲೆಕ್ಟ್ರಾನ್ ಒದಗಿಸುವ ಅಣು ಅದು. ಸೂಪರಾಕ್ಸೈಡ್ ಮಾಡಲು ಅದು ಬೇಕು, ಉರಿ ಆರಿಸುವ ಗ್ಲುಟಾಥಯೋನ್ ಅನ್ನು ಮತ್ತೆ ಸಜ್ಜುಗೊಳಿಸಲೂ ಅದೇ ಬೇಕು. ಹೆಚ್ಚುವರಿ ಸಕ್ಕರೆಯನ್ನು ಸಾರ್ಬಿಟಾಲ್ ಮಾಡುವ ಆಲ್ಡೋಸ್ ರಿಡಕ್ಟೇಸ್ ಅನ್ನುವ ಕಿಣ್ವ ಕೂಡ ಅದೇ ತೊಟ್ಟಿಯಿಂದ ಮೊಗೆಯುತ್ತದೆ. ಬೆಂಕಿಗೂ ನೀರಿಗೂ ಒಂದೇ ಹುಂಡಿ.

ಕೆಲವು ಲ್ಯಾಬುಗಳಲ್ಲಿ ಶುಗರ್ ಇರುವವರ ಕಣ ಜಾಸ್ತಿ ಉರಿಯುತ್ತದೆ, ಇನ್ನು ಕೆಲವು ಕಡೆ ಕಡಿಮೆ. ಸುಮ್ನೆ ಇದ್ದಾಗಿನ ಹೊಳಪನ್ನು ಮಾತ್ರ ನೋಡಿದರೆ ಜಾಸ್ತಿ, ಕೆರಳಿಸಿದ ಮೇಲೆ ಎಷ್ಟು ಪಟ್ಟು ಏರಿತು ಅಂತ ನೋಡಿದರೆ ಕಡಿಮೆ. ನನ್ನ ಟ್ಯೂಬುಗಳಲ್ಲಂತೂ ಎರಡೂ ಒಟ್ಟಿಗೇ ಕಂಡವು. ಅದಕ್ಕೇ ಎರಡನ್ನೂ ಬೇರೆ ಬೇರೆ ಬರೆದಿಡುತ್ತೇನೆ.

ಈಗ ಪ್ರತಿ ಸಲ ಮೊದಲ ಟ್ಯೂಬು ಶುಗರ್ ಇಲ್ಲದ ಒಬ್ಬರದು, ಹೆಚ್ಚಾಗಿ ನನ್ನದೇ. ಅದು ಮಂಕಾಗಿ ಕಾಣಲಿಲ್ಲ ಅಂದರೆ ಆ ದಿನದ ಅಳತೆಗಳನ್ನೆಲ್ಲ ಬಿಟ್ಟುಬಿಡುತ್ತೇನೆ.